ಕಮಾನಿಗೆ ಎಣ್ಣೆ ಹಚ್ಚಿದ ಪ್ರಕರಣ

ಈ ನಿರೂಪಣೆಯಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಓದುಗರು ಕ್ಷಮಿಸಬೇಕು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ತಿದ್ದಬಲ್ಲವಳು ಮನೆಯಲ್ಲಿ ಒಬ್ಬಳಿದ್ದಾಳೆ. ಆದರೆ ಈ ವಿಷಯದಲ್ಲಿ ಅವಳನ್ನು ಕೇಳುವ ಧೈರ್ಯ ನನಗಿಲ್ಲ.

ನನ್ನ ಪತ್ನಿ ಸುಮಾ ವಯೋಲಾ ವಾದಕಿ. ವಯೋಲಾ ಎಂದರೆ ಪಿಟೀಲಿಗಿಂತ ತುಸು ದೊಡ್ಡದಾದ, ದನಿ ತುಸು ದಪ್ಪನಾದ ಪಾಶ್ಚಾತ್ಯ ವಾದ್ಯ. ಹನ್ನೆರಡು ವರ್ಷ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕುಳಿತವಳಿಗೆ, ವಿಜಯದಶಮಿಯ ಸಂಜೆ ಮೊದಲ ಬಾರಿಗೆ ಮುಂದೆ ನಿಂತು ಸೋಲೊ ನುಡಿಸುವ ಅವಕಾಶ ಒದಗಿತ್ತು. ಚೆನ್ನಾದರೆ ಇನ್ನಷ್ಟು ಸೋಲೊ. ಇಲ್ಲವಾದರೆ ಮತ್ತೆ ಹಿಂದಿನ ಸಾಲು.

ಅದರ ಹಿಂದಿನ ದಿನ ಆಯುಧಪೂಜೆ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ಸ್ಕೂಟರ್ ತೊಳೆದೆ, ಮಿಕ್ಸಿ ಒರೆಸಿದೆ, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ವಯೋಲಾದ ಸರದಿ ಬಂದಾಗ ಸುಮಾ ಹೂವು ತರಲು ಹೋಗಿದ್ದಳು. ಅದರ ಕಮಾನಿಗೆ ಕಟ್ಟಿದ ಕುದುರೆಬಾಲದ ಕೂದಲು ಪಾಪ, ಒಣಗಿ ಬಿಳಿ ಧೂಳು ಹಿಡಿದಿತ್ತು!

"ಅವಳನ್ನ ಕೇಳಿ ಮುಟ್ಟೋ," ಎಂದರು ಅಮ್ಮ.

"ಅಮ್ಮ, ನಾನು ಬಿಎಸ್ಸಿ ಮಾಡಿದೀನಿ!"

ಧೂಳನ್ನು ಒರೆಸಿ, ಬುಡದಿಂದ ತುದಿಯವರೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಮಿರಮಿರ ಮಿಂಚಿತು!

ಸುಮಾ ಬಂದು ಕಮಾನನ್ನು ತಂತಿಯ ಮೇಲೆ ಎಳೆದಳು. ಸದ್ದಿಲ್ಲ. ಮತ್ತೆ ಎಳೆದಳು. ಜಾರಿತು.

"ರೀ, ಏನ್ರೀ ಮಾಡಿದ್ರಿ ಇದಕ್ಕೆ?"

"ಸ್ವಲ್ಪ ಎಣ್ಣೆ..."

"ಅಯ್ಯೋ! ಅದು ಧೂಳಲ್ಲ ಕಣ್ರೀ, ರಾಳದ ಪುಡಿ! ಅದಿದ್ರೇನೇ ಕೂದಲು ತಂತಿನ ಹಿಡಿಯೋದು!"

ಹಬ್ಬದ ಪ್ರಯುಕ್ತ ರಿಪೇರಿ ಅಂಗಡಿ ಮುಚ್ಚಿತ್ತು. ಅವಳು ಗಾಬರಿಯಿಂದ ಫೋನ್ ಮಾಡುತ್ತಿದ್ದಾಗ, ಪರಿಹಾರಾರ್ಥವಾಗಿ ನಾನು ಕಮಾನಿಗೆ ಸೀಗೆಪುಡಿ ಹಾಕಿ ತಲೆಸ್ನಾನ ಮಾಡಿಸಿದೆ. ಹೇರ್ ಡ್ರೈಯರ್ ಹಿಡಿದೆ. ಕೂದಲು ಬಿಗಿದು ಪಟ್ ಪಟ್ ಎಂದು ಕಿತ್ತುಬಂತು.

"ನಾಲ್ಕನೇ ಕ್ಲಾಸ್ ಓದಿದ ನನಗೇ ಭಯ ಆಯ್ತು, ನಿನಗೆ ಆಗ್ಲಿಲ್ವಲ್ಲೋ!" ಎಂದರು ಅಮ್ಮ.

ಮರುದಿನ ಸಂಜೆ ಹಿಂದಿನ ಸಾಲಿನ ವಾದಕರೊಬ್ಬರು ತಮ್ಮ ಕಮಾನನ್ನೇ ಸುಮಾಳಿಗೆ ಕೊಟ್ಟು, ವೇದಿಕೆಯಿಂದಿಳಿದು ನನ್ನ ಪಕ್ಕದಲ್ಲಿ ಕುಳಿತರು. ನನ್ನ ಕಡೆಗೆ ಬಾಗಿ ಕೇಳಿದರು:

"ಕೊಬ್ಬರಿ ಎಣ್ಣೆನಾ ಸಾರ್?"

"ಹೌದು ಸಾರ್. ಗಾಣದ್ದು."

ಸುಮಾ ನುಡಿಸಿದಳು. ಕೊನೆಯಲ್ಲಿ ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಪಕ್ಕದವರೂ ಎದ್ದರು.

ಅಂದಿನಿಂದ ಸುಮಾ ಬೇರೆ ಊರುಗಳಲ್ಲಿಯೂ ಸೋಲೊ ನುಡಿಸುತ್ತಿದ್ದಾಳೆ. ಜೊತೆಗೆ ಅಮ್ಮ ಹೋಗುತ್ತಾರೆ. ವಯೋಲಾ ಪೆಟ್ಟಿಗೆ ಹೊರುವವರೂ ಅವರೇ. ನಾನು ಅಡುಗೆ ಕಲಿತಿದ್ದೇನೆ. ಬೀಳ್ಕೊಡಲು ರೈಲು ನಿಲ್ದಾಣಕ್ಕೆ ಹೋದಾಗ ನನ್ನ ಕೈಗೆ ಕೊಡುವುದು ನೀರಿನ ಬಾಟಲಿಯನ್ನು ಮಾತ್ರ. ಅದೂ ಮುಚ್ಚಳ ಬಿಗಿ ಮಾಡಿ!