ತಂಗಿಗೆ ಕೆಲಸ ನೋಡಿ ಬಂದದ್ದು

ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ತಂಗಿಗೆ ಹೇಳಲಿಲ್ಲ. ಸುಳ್ಳು ಹೇಳಿದೆ ಎಂದರೂ ತಪ್ಪಲ್ಲ. ಆದರೆ ‘ಹೇಳಲಿಲ್ಲ’ ಎಂದರೆ ಕೇಳಲು ಸ್ವಲ್ಪ ಮರ್ಯಾದೆಯಾಗಿರುತ್ತದೆ.   

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಟೈಲ್ಸ್ ಹಾಕುವುದು ನನ್ನ ಕೆಲಸ. ಆದರೆ ನೆಂಟರ ನಡುವೆ ನನಗೆ ಹೆಸರಿರುವುದು ಬೇರೊಂದು ವಿದ್ಯೆಯಲ್ಲಿ. ಹೆಣ್ಣು ಕೊಡುವ ಮೊದಲು ಹುಡುಗನ ಮನೆ ಹೇಗೆಂದು ವಿಚಾರಿಸಿ ಬರಲು ನನ್ನನ್ನೇ ಕಳುಹಿಸುತ್ತಾರೆ. ಜಾತಕ ನನಗೆ ತಿಳಿಯದು, ನಾನು ನಾಯಿ ನೋಡುತ್ತೇನೆ. ಒಮ್ಮೆ ಚಿಕ್ಕಮ್ಮನ ಮಗಳಿಗೆಂದು ಬಂಟ್ವಾಳದ ಕಡೆ ಒಂದು ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕಾರು, ಎಲ್ಲರದ್ದೂ ಜೇನಿನಂಥ ಮಾತು. ಹುಡುಗ ಒಳಗಿನಿಂದ ಬಂದದ್ದೇ ತಡ, ಕಾಲು ಚಾಚಿ ಮಲಗಿದ್ದ ನಾಯಿ ಬಾಲ ಮಡಚಿಕೊಂಡು ಕಾರಿನ ಅಡಿಗೆ ಸೇರಿತು. ನಾನು ಚಾ ಕುಡಿದು ಬಂದವನೇ “ಬೇಡ” ಎಂದೆ. ಚಿಕ್ಕಮ್ಮ ಈಗಲೂ ನನ್ನ ಬಟ್ಟಲಿಗೆ ಒಂದು ತುಂಡು ಮೀನು ಹೆಚ್ಚು ಹಾಕುತ್ತಾರೆ.

ತಂಗಿ ವಾರಿಜ ಬೆಳ್ತಂಗಡಿಯ ಒಂದು ಸಣ್ಣ ಬಟ್ಟೆ ಅಂಗಡಿಯಲ್ಲಿದ್ದಾಳೆ. ಸಂಬಳ ಕಡಿಮೆ. ಅಂಗಡಿಯೊಡತಿ ಸರಸಕ್ಕನೂ ಇವಳೂ ಎದುರುಬದುರು ಕುಳಿತು ಬುತ್ತಿ ಹಂಚಿಕೊಂಡು ಉಣ್ಣುತ್ತಾರೆ. ನಡುವೆ ಗಿರಾಕಿ ಬಂದರೆ ಯಾರದ್ದು ಮೊದಲು ಮುಗಿಯಿತೋ ಅವರು ಏಳುತ್ತಾರೆ. ಹೀಗಿರುವಾಗ ಮೂಡಬಿದಿರೆಯ ದೊಡ್ಡ ಬಟ್ಟೆ ಮಳಿಗೆಯೊಂದರಿಂದ ಅವಳಿಗೆ ಕರೆ ಬಂತು. ಸಂಬಳ ಒಂದೂವರೆ ಪಟ್ಟು.

“ಅಣ್ಣ, ಊರಿನ ಹುಡುಗಿಯರಿಗೆಲ್ಲ ಮನೆ ನೋಡಿ ಬರ್ತೀಯಲ್ಲ, ನನಗೊಂದು ಅಂಗಡಿ ನೋಡಿ ಬಾ” ಎಂದಳು. “ನೀನು ಸರಿ ಉಂಟು ಅಂದ್ರೆ ಸೋಮವಾರ ಸರಸಕ್ಕನಿಗೆ ಕೆಲಸ ಬಿಡ್ತೇನೆ ಅಂತ ಹೇಳ್ತೇನೆ.”

ಹೋದೆ. ಪದ್ಧತಿಯಂತೆ ಮೊದಲು ಎದುರಿನ ಚಾದಂಗಡಿಯಲ್ಲಿ ಕುಳಿತು, ಆ ಮಳಿಗೆಯ ಹುಡುಗಿಯರು ಹೇಗೆ ಎಂದು ಕೇಳಿದೆ. ಚಾದವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ತಂಗಿಯ ಕೆಲಸದ ವಿಷಯ ಎಂದು ಬಿಡಿಸಿ ಹೇಳಿದ ಮೇಲೆ ಮುಖ ಸಡಿಲಿಸಿದ. “ಎಂತ ಹೇಳುವುದು ಮಾರಾಯ್ರೆ, ಮೊದಲೆಲ್ಲ ಹೆಸರು ಕೇಳ್ತಿದ್ದೆ. ಹೆಸರು ಬಾಯಿಗೆ ಬರುವಾಗ ಬೇರೆ ಹುಡುಗಿ ಬಂದಿರ್ತಾಳೆ. ಈಗ ಎಲ್ಲರಿಗೂ ತಂಗೀ ಅಂತ ಕರೆದು ಬಿಡ್ತೇನೆ.”

ಮದುವೆಯ ವಿಚಾರಣೆಯಾಗಿದ್ದರೆ ಇಷ್ಟು ಕೇಳಿ ನಾನು ವಾಪಸು ಬಸ್ಸು ಹತ್ತುತ್ತಿದ್ದೆ. ಆದರೆ ಒಳಗೆ ಹೋದೆ, ಹೋದವನು ಅಭ್ಯಾಸದಂತೆ ನೆಲ ನೋಡಿದೆ. ಎಂಥ ನೆಲ! ಎಲ್ಲಿಯೂ ಏರುತಗ್ಗಿಲ್ಲ, ಸಂದು ಹುಡುಕಬೇಕು. ಆ ನೆಲದ ಮೇಲೆ ನಿಂತವರು ಕಣ್ಣಿಗೆ ಬಿದ್ದದ್ದು ಆಮೇಲೆ. ಹುಡುಗಿಯರಿಗೆ ಕೂರಲು ಎಲ್ಲಿಯೂ ಒಂದು ಸ್ಟೂಲೂ ಇರಲಿಲ್ಲ. ನನಗೆ ಶರ್ಟು ತೋರಿಸುತ್ತಿದ್ದವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು.

“ಕೆಲಸ ಹೇಗುಂಟು ಇಲ್ಲಿ?” ಎಂದು ಮೆಲ್ಲಗೆ ಕೇಳಿದೆ.

ಅವಳು ಮೇಲಿದ್ದ ಕ್ಯಾಮೆರಾ ನೋಡಿದಳು. “ಕಾಲರ್ ಒಳ್ಳೆಯದುಂಟು ಅಣ್ಣ” ಎಂದಳು.

ಅಷ್ಟರಲ್ಲಿ ಯಜಮಾನರು ಮೆಟ್ಟಿಲಿಳಿದು ಬಂದರು. ಅಲ್ಲಲ್ಲಿ ಕೇಳುತ್ತಿದ್ದ ಪಿಸುಮಾತು ನಿಂತುಹೋಯಿತು. ಹುಡುಗಿಯರು ಮಡಚಿಟ್ಟಿದ್ದ ಸೀರೆಗಳನ್ನೇ ಬಿಚ್ಚಿ ಮತ್ತೆ ಮಡಚತೊಡಗಿದರು. ನನಗೆ ಬಂಟ್ವಾಳದ ಆ ಅಂಗಳ ನೆನಪಾಯಿತು. ಆದರೆ ಯಜಮಾನರು ನನ್ನನ್ನು ‘ಸರ್’ ಎಂದರು. ನನ್ನನ್ನು ಯಾರೂ ಹಾಗೆ ಕರೆದವರಿಲ್ಲ. ಆ ಸಂತೋಷದಲ್ಲಿ ನೆಲವನ್ನು ಹೊಗಳಿದೆ, ನನ್ನ ಕೆಲಸ ಹೇಳಿದೆ, ತಂಗಿಯ ಹೆಸರನ್ನೂ ಹೇಳಿಬಿಟ್ಟೆ. ಅವರು ತಮ್ಮ ಮೆತ್ತನೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಜ್ಯೂಸ್ ತರಿಸಿದರು.

“ನಾವಿಲ್ಲಿ ಒಂದೇ ಮನೆಯವರ ಹಾಗೆ. ಮನೆಯಲ್ಲಿ ಯಾರಾದರೂ ಗಂಟೆ ನೋಡಿ ಕೆಲಸ ಮಾಡ್ತಾರಾ?” ಎಂದರು. “ಮೇಲಿನ ಮಾಳಿಗೆಗೂ ಟೈಲ್ಸ್ ಹಾಕಿಸುವುದುಂಟು. ತಂಗಿ ಬಂದ ಮೇಲೆ ನೀವೂ ನಮ್ಮವರೇ ಅಲ್ವಾ?”

ಜ್ಯೂಸ್ ತಣ್ಣಗಿತ್ತು. ಮಾಳಿಗೆ ವಿಶಾಲವಾಗಿತ್ತು. ಮನೆಗೆ ಬಂದು ತಂಗಿಗೆ “ಒಳ್ಳೆಯ ಜಾಗ” ಎಂದೆ.

ಅಂದಿನಿಂದ ವಾರಿಜ ಖುಷಿಯಿಂದ ಸೀರೆ ಇಸ್ತ್ರಿ ಮಾಡುವಾಗ ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಸಂಬಳ ಹೆಚ್ಚಲ್ಲವೇ ಎಂದು ನನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಎಲ್ಲ ದೊಡ್ಡ ಅಂಗಡಿಯೂ ಹಾಗೆಯೇ, ಸ್ವಲ್ಪ ಸಮಯದಲ್ಲಿ ಅಭ್ಯಾಸವಾಗುತ್ತದೆ ಎಂದುಕೊಳ್ಳುತ್ತಿದ್ದೆ. ಶನಿವಾರ ಒಂದು ಬಚ್ಚಲುಮನೆಯಲ್ಲಿ ನಾನು ಹಾಕಿದ ಟೈಲ್ಸಿನ ಮೇಲೆ ನೀರು ಸುರಿದರೆ, ಅದು ತೂತಿನ ಕಡೆ ಹೋಗದೆ ನನ್ನ ಕಾಲಿನ ಕಡೆಗೇ ಹರಿದು ಬಂತು. ಮನೆಯವರು ನೋಡುವ ಮೊದಲು ಕಿತ್ತು ಮತ್ತೆ ಹಾಕಿದೆ. ಮಾತನ್ನು ಹಾಗೆ ಕೀಳಲು ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ಪೇಟೆಯಿಂದ ಮನೆಗೆ ಬಂದಾಗ ಅಮ್ಮ ನೆಂಟರಲ್ಲಿಗೆ ಹೋಗಿದ್ದರು. ವಾರಿಜ ಊಟದ ಮೇಜಿನ ಹತ್ತಿರ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಫೋನಿನಲ್ಲಿ ನಗುತ್ತಿದ್ದಳು. ನಾನು ಮೆಟ್ಟಿಲಲ್ಲಿ ಕೆಮ್ಮಿದೆ, ಅಷ್ಟೇ. ನಗು ನಿಂತಿತು. ಕಾಲು ಕೆಳಗಿಳಿಯಿತು. ಅವಳು ಎದ್ದು, ಸೆರಗಿನಿಂದ ಕುರ್ಚಿ ಒರೆಸಿ ನನಗೆ ಬಿಟ್ಟು, ಬಡಿಸಲು ನಿಂತಳು. ಏಳು ಎಂದು ನಾನು ಹೇಳಿರಲಿಲ್ಲ. ಯಾವತ್ತೂ ಹೇಳಿದವನಲ್ಲ. ನಾನು ನಿಂತಲ್ಲೇ ನಿಂತೆ. ನಾಯಿಯೊಂದನ್ನು ಬಿಟ್ಟರೆ ಎಲ್ಲವೂ ಬಂಟ್ವಾಳದ ಆ ಅಂಗಳದ್ದೇ.

ಕುಳಿತೆ. ಬಡಿಸಿದ್ದನ್ನು ಮುಟ್ಟದೆ ಅವಳತ್ತ ತಿರುಗಿದೆ.

“ವಾರಿಜ, ನಾಳೆ ಸರಸಕ್ಕನಿಗೆ ಏನೂ ಹೇಳಬೇಡ.”

“ಯಾಕೆ? ಒಳ್ಳೆಯ ಜಾಗ ಅಂತ ನೀನೇ ಹೇಳಿದ್ದಲ್ವಾ?”

ಚಾದವನ ಮಾತು, ಇಲ್ಲದ ಸ್ಟೂಲು, ಕ್ಯಾಮೆರಾ, ಕಾಲರ್ ಎಲ್ಲ ಹೇಳಿದೆ. ಮೇಲಿನ ಮಾಳಿಗೆಯ ಸುದ್ದಿಯನ್ನು ಕೊನೆಗೆ, ಅನ್ನ ಕಲಸುತ್ತಾ ಹೇಳಿದೆ. ಅವಳು ಸೌಟನ್ನು ಪಾತ್ರೆಯಲ್ಲಿ ಇಟ್ಟಳು.

“ಅಂದರೆ ಮೇಲಿನ ನೆಲಕ್ಕಾಗಿ ನನ್ನನ್ನು ಕೆಳಗೆ ನಿಲ್ಲಿಸ್ತಿದ್ದಿಯಾ ಅಣ್ಣ?”

 ಪಕ್ಕದ ಕುರ್ಚಿ ಎಳೆದು “ಕೂತ್ಕೋ” ಎಂದೆ.

“ನಿನ್ನದು ಊಟ ಆಗಲಿ” ಎಂದಳು, ನಿಂತುಕೊಂಡೇ.

ಇನ್ನು ತಡೆಯಲಾಗಲಿಲ್ಲ. ಸಾರು ಸೋರುವ ಎಂಜಲು ಕೈಯಲ್ಲೇ ಎದ್ದು ಅವಳ ಎದುರು ನಿಂತೆ.

“ತಪ್ಪಾಯ್ತು ವಾರಿಜ. ಅಲ್ಲಿ ಕೂರಲು ಇಲ್ಲ ಅಂತ ಹೇಳದೆ ಇದ್ದದ್ದೂ ತಪ್ಪು. ಇಲ್ಲಿ ಕುರ್ಚಿ ಇದ್ದೂ ಇಷ್ಟು ವರ್ಷ ನಿನ್ನನ್ನು ನಿಲ್ಲಿಸಿ ನಾನೇ ಕೂತದ್ದೂ ತಪ್ಪು.”