ಗಾಳಿಗುಡ್ಡಕ್ಕೆ ಮೂಕೆಣ್ಣೆ

ಬುಡದಲ್ಲಿ ಹೇಳುವುದೋ, ತುದಿಯಲ್ಲಿ ಹೇಳುವುದೋ? ಬುಡದಲ್ಲಿ ಹೇಳಿ ಆಕೆ ಒಲ್ಲೆ ಅಂದರೆ, ಆ ಮುಖ ಹೊತ್ತುಕೊಂಡು ಇಡೀ ಗುಡ್ಡ ಹತ್ತಬೇಕು. ತುದಿಯಲ್ಲಿ ಹೇಳಿದರೆ, ಒಲ್ಲೆ ಅಂದರೂ ಇಳಿಯುವುದಷ್ಟೇ ಉಳಿದಿರುತ್ತದೆ. ಆದರೆ ತುದಿ ಮುಟ್ಟುವ ಹೊತ್ತಿಗೆ ಮಾತಾಡುವಷ್ಟು ಉಸಿರು ತನ್ನಲ್ಲಿ ಉಳಿದಿರುತ್ತದೆಯೆ? ನಡುದಾರಿಯಲ್ಲಿ ಹೇಳಿದರೆ? ನಡುದಾರಿಯಲ್ಲಿ ಮಾತಿನಮಲ್ಲಿ ಅಡಿವೆವ್ವ ಇರುತ್ತಾಳೆ.

ಅಕ್ಕಿಆಲೂರಿನ ಸಾಲಿಮಾಸ್ತರ ಪರಮೇಶಪ್ಪ ಚಕ್ಕಡಿಯ ಹಿಂತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಊರು ಬಿಟ್ಟಾಗಿನಿಂದ ಇದನ್ನೇ ಗುಣಾಕಾರ ಭಾಗಾಕಾರ ಮಾಡುತ್ತಿದ್ದ. ಮುಂದಿನ ಚಕ್ಕಡಿಯಲ್ಲಿ ಸರೋಜವ್ವ ಇದ್ದಳು, ಅಕ್ಕಿ ಗಿರಣಿಯ ಮಹಾಲಿಂಗಪ್ಪನ ಮಗಳು. ಗಿರಣಿಯ ಎದುರಿಗೇ ಪರಮೇಶಪ್ಪನ ಬಾಡಿಗೆ ಖೋಲಿ. ಯುದ್ಧ ಶುರುವಾದಾಗಿನಿಂದ ಆಕೆ ದಿನವೂ ಬಾಗಿಲಿಗೆ ಬಂದು "ಪೇಪರ ಬಂದೈತೇನ್ರಿ?" ಅನ್ನುತ್ತಿದ್ದಳು. ಇವನು "ಬಂದೈತ್ರಿ" ಅನ್ನುತ್ತಿದ್ದ. ಹಿಟ್ಲರನು ಅರ್ಧ ಯುರೋಪನ್ನು ನುಂಗಿದರೂ ಇವರ ಮಾತು ಇಷ್ಟರಿಂದ ಮುಂದಕ್ಕೆ ಹೋಗಿರಲಿಲ್ಲ. ಇವತ್ತು ಮುಂದಕ್ಕೆ ಹೋಗಲೇಬೇಕೆಂದು ಪರಮೇಶಪ್ಪ ನಿರ್ಧರಿಸಿದ್ದ.

ಶ್ರಾವಣದ ಕಡೆಯ ಸೋಮವಾರ ಊರವರೆಲ್ಲ ಗಾಳಿಗುಡ್ಡ ಹತ್ತಿ, ತುದಿಯ ಬಸವಣ್ಣನ ಮುಂದೆ ದೀಪ ಹಚ್ಚಿ ಉಂಡು ಬರುವುದು ರೂಢಿ. ಆ ದೀಪಕ್ಕೆ ಎಣ್ಣೆ ಮನೆಮನೆಯಿಂದ ಚಮಚೆ ಚಮಚೆ ಕೂಡಿಸಿದ್ದು. ಆ ಗಡಿಗೆಯನ್ನು ಹೊತ್ತವನು ದೀಪ ಹತ್ತುವ ತನಕ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದನೋ, ಎಣ್ಣೆ ಮೈಲಿಗೆ. ಇದ್ದಲ್ಲೇ ನೆಲಕ್ಕೆ ಸುರಿದು, ಎಲ್ಲರೂ ಕೆಳಗಿಳಿದು, ಹೊಸ ಎಣ್ಣೆ ತಂದು ಮತ್ತೆ ಹತ್ತಬೇಕು. ಅದಕ್ಕೇ ಅದನ್ನು ಮೂಕೆಣ್ಣೆ ಎನ್ನುತ್ತಿದ್ದರು.

ಎಷ್ಟೋ ವರ್ಷದಿಂದ ಅದನ್ನು ಹೊರುತ್ತಿದ್ದವನು ಮುದುಕ ಹೊಳಬಸಪ್ಪ. ಈ ವರ್ಷ ಅವನಿಗೆ ಕೆಮ್ಮು ಹತ್ತಿತ್ತು. ಗುಡ್ಡದ ಬುಡದಲ್ಲಿ ಚಕ್ಕಡಿ ಬಿಟ್ಟ ಕೂಡಲೆ ಅದರ ವಿಚಾರಣೆ ನಡೆಯಿತು.

"ಕೆಮ್ಮು ಅಂದ್ರ ಮಾತಲ್ಲೋ ಮಾರಾಯಾ!" ಎಂದ ಹೊಳಬಸಪ್ಪ.

"ಬರೇ ಕೆಮ್ಮಿದ್ರ ಅಲ್ಲ," ಎಂದ ಮಹಾಲಿಂಗಪ್ಪ. "ನೀ ಕೆಮ್ಮಿದ ಮ್ಯಾಲ ಒಂದು ಬೈತೀಯಲ್ಲ, ಅದು ಮಾತು ಹೌದೋ ಅಲ್ಲೋ?"

"ಎದಿ ಹಿಡಕೊಂಡಾಗ ಬಾಯಾಗ ಶಿವನಾಮ ಬರ್ತೈತೇನು, ಹಡಿ—" ಎನ್ನುವಷ್ಟರಲ್ಲಿ ಕೆಮ್ಮು ಬಂತು. ಅದರ ಹಿಂದೆಯೇ ಬಂದದ್ದನ್ನು ಕೇಳಿ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದರು. ವಿಚಾರಣೆ ಮುಗಿಯಿತು.

"ಹಂಗಾರ ಯಾರು ಹೊರ್ತಾರು?" ಎಂದರು ಯಾರೋ.

ಅಡಿವೆವ್ವ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದಳು. ಅವಳು ಮಾತು ನಿಲ್ಲಿಸಿದ್ದನ್ನು ಅವಳ ಗಂಡ ಸಹಿತ ಕಂಡಿರಲಿಲ್ಲ. ನಿದ್ದೆಯಲ್ಲಿಯೂ ಆಕೆ ನೆರೆಮನೆಯವರ ಸುದ್ದಿ ಹೇಳುತ್ತಿದ್ದಳಂತೆ. "ಯಾರು ಅಂತ ಏನ ಕೇಳ್ತೀರಿ! ನಮ್ಮ ಮಾಸ್ತರ ಅದಾರಲ್ಲ! ಅವರಿಗೆ ಅದೇನು ನೇಮ ಆಗಬೇಕಾಗೈತಿ, ಹುಟ್ಟಿದಾಗಿಂದ ಹಂಗ ಅದಾರ."

ಎಲ್ಲರೂ ಪರಮೇಶಪ್ಪನ ಕಡೆ ತಿರುಗಿದರು. ಇವತ್ತೊಂದು ದಿವಸ ಬಿಟ್ಟು ಬೇರೆ ಯಾವ ದಿವಸವಾದರೂ ಹೊರುತ್ತೇನೆ ಎಂದು ಹೇಳಬೇಕೆಂದು ಅವನು ಬಾಯಿ ತೆರೆದ. ಯಾಕೆ ಎಂದು ಕೇಳಿದರೆ ಏನು ಹೇಳುವುದು ಎಂದು ಯೋಚಿಸಿದ. ಆ ಯೋಚನೆ ಮುಗಿಯುವ ಮೊದಲೇ ತಲೆಯ ಮೇಲೆ ಸಿಂಬಿ ಬಂತು, ಸಿಂಬಿಯ ಮೇಲೆ ಗಡಿಗೆ ಬಂತು. ಹೊಳಬಸಪ್ಪ ಗಡಿಗೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು, "ಇನ್ನ ಬಾಯಿ ಮುಚ್ರಿ" ಎಂದ.

ಪರಮೇಶಪ್ಪ ತೆರೆದ ಬಾಯನ್ನು ಹಾಗೆಯೇ ಮುಚ್ಚಿದ.

ಗಾಳಿಗುಡ್ಡ ದೂರದಿಂದ ಮಲಗಿದ ಎಮ್ಮೆಯಂತೆ ಸಾಧುವಾಗಿ ಕಾಣುತ್ತದೆ. ಹತ್ತತೊಡಗಿದ ಮೇಲೆ ಆ ಎಮ್ಮೆ ಎದ್ದು ನಿಲ್ಲುತ್ತದೆ. ಮೊದಲ ಏರಿನಲ್ಲಿಯೇ ಪರಮೇಶಪ್ಪ ಪರೀಕ್ಷೆಗೆ ಓದದೆ ಬಂದ ಹುಡುಗನ ಹಾಗೆ ಬೆವರತೊಡಗಿದ. ಎರಡೂ ಕೈ ಗಡಿಗೆಯ ಮೇಲೆ. ಮೂಗಿನ ತುದಿಗೆ ಒಂದು ನೊಣ ಕುಳಿತಿತು. ಅದಕ್ಕೆ ಇವನ ಸ್ಥಿತಿ ಗೊತ್ತಿದ್ದಂತೆ ಕಂಡಿತು, ಏಳಲೇ ಇಲ್ಲ.

ಬಲಗಡೆಗೆ ಅಡಿವೆವ್ವ. ಆಕೆಯ ತಲೆಯ ಮೇಲೂ ಒಂದು ಗಡಿಗೆ, ಬುತ್ತಿಯೂಟಕ್ಕೆ ಮಜ್ಜಿಗೆ. "ಮಾಸ್ತರ, ನಿಮ್ಮಂಥಾವರ ಜೋಡಿ ನಡಿಯಾಕ ಛಲೋ. ನಡುವ ಬಾಯಿ ಹಾಕಂಗಿಲ್ಲ ನೋಡ್ರಿ," ಎಂದು ಆಕೆ ತನ್ನ ಸೊಸೆಯ ಕತೆಯನ್ನು ಸೊಸೆ ಹುಟ್ಟಿದಲ್ಲಿಂದ ಆರಂಭಿಸಿದಳು.

ಕತೆಯಲ್ಲಿ ಸೊಸೆ ಮೈನೆರೆಯುವ ಹೊತ್ತಿಗೆ ಎಡಗಡೆಗೆ ಮಹಾಲಿಂಗಪ್ಪ ಬಂದ. ಧೋತರ ಎತ್ತಿಕಟ್ಟಿದ್ದ. ಅಡಿವೆವ್ವನನ್ನು ಮುಂದೆ ಸಾಗಹಾಕಿ, ದನಿ ತಗ್ಗಿಸಿದ.

"ಮಾಸ್ತರ, ನಿಮ್ಮ ಮುಂದ ಒಂದು ಮಾತು ಹೇಳಬೇಕಾಗಿತ್ತು. ಸರೋಜಾಗ ಸವಣೂರಾಗಿಂದ ಒಂದು ಬೀಗತನ ಬಂದೈತಿ. ಅರಿವಿ ಅಂಗಡಿಯವರು. ಹುಡುಗ ಸ್ವಲ್ಪ ದಪ್ಪ, ಇರಲಿ. ಖರೇ ಅಂದ್ರ ನನಗ ಮಗಳನ್ನ ಊರು ಬಿಟ್ಟು ಕಳಸಾಕ ಮನಸಿಲ್ಲ. ಊರಾಗ ಯಾರರ ಓದಿದ ಹುಡುಗ ಇದ್ದರ…" ಅವನು ನಿಂತ. "ನಿಮಗ ಲಗ್ನದ ವಿಚಾರ ಐತೇನು? ಮಾತಾಡಬ್ಯಾಡ್ರಿ! ಇದ್ರ ಸುಮ್ನ ಗೋಣು ಹಾಕ್ರಿ, ಸಾಕು."

ಗೋಣು ಹಾಕುವುದೆಂದರೆ ಸಣ್ಣ ಕೆಲಸ. ಆದರೆ ತಲೆಯ ಮೇಲೆ ಊರ ಎಣ್ಣೆ. ಬಗ್ಗಿದರೆ ಚೆಲ್ಲುತ್ತದೆ. ಪರಮೇಶಪ್ಪ ಕಣ್ಣು ಅಗಲಿಸಿದ. ಹುಬ್ಬು ಏರಿಸಿದ, ಇಳಿಸಿದ. ಎರಡೂ ಕಣ್ಣು ಒಟ್ಟಿಗೆ ಮುಚ್ಚಿ ತೆರೆದ.

ಮಹಾಲಿಂಗಪ್ಪ ಅದನ್ನು ಮನಸ್ಸಿಟ್ಟು ನೋಡಿದ. "ಕಣ್ಣಾಗ ಬೆವರು ಹೋತೇನ್ರಿ?" ಎಂದು ತನ್ನ ಹೆಗಲ ವಸ್ತ್ರದಿಂದ ಇವನ ಕಣ್ಣು ಒರೆಸಿದ. "ಇರಲಿ ಬಿಡ್ರಿ. ನಿಮಗ ಪುಸ್ತಕದ ಹುಚ್ಚು, ಸಂಸಾರ ಯಾಕ ಬೇಕು! ತುದಿ ಮುಟ್ಟೋದರಾಗ ಸರೋಜಾನ್ನ ಕೇಳ್ತೇನಿ. ಆಕಿ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ. ಜುಲುಮಿ ಮಾಡಾವಲ್ಲ ನಾ." ಎಂದು ದಾಪುಗಾಲು ಹಾಕಿ ಏರಿಹೋದ.

ನೊಣ ಮಾತ್ರ ಉಳಿಯಿತು.

ಅರ್ಧ ಗುಡ್ಡಕ್ಕೆ ಜಿಟಿಜಿಟಿ ಮಳೆ ಹಿಡಿಯಿತು. ಎಲ್ಲರೂ ಒಂದು ದೊಡ್ಡ ಬಂಡೆಯ ಕೆಳಗೆ ಕುಳಿತರು. ಎಣ್ಣೆಯ ಗಡಿಗೆ ನೆಲಕ್ಕೆ ತಾಗಬಾರದೆಂದು ಪರಮೇಶಪ್ಪ ಅದನ್ನು ಬಂಡೆಯ ಪಕ್ಕದ ಕಲ್ಲಿನ ಮೇಲೆ ಇಟ್ಟು, ಬಾಯಿಗೆ ಅರಿವೆ ಕಟ್ಟಿದ. ಮಳೆನೀರು ಬೀಳಬಾರದೆಂದು ಅಡಿವೆವ್ವ ತನ್ನ ಗಡಿಗೆಯ ಬಾಯಿಗೂ ಅರಿವೆ ಬಿಗಿದು ಅದರ ಪಕ್ಕದಲ್ಲೇ ಕೂರಿಸಿದಳು. ವಿಭೂತಿ ಮಳೆಗೆ ಕರಗಿ ಹರಿದುಹೋಯಿತು. ಅದನ್ನು ಯಾರೂ ನೋಡಲಿಲ್ಲ. ಪರಮೇಶಪ್ಪನಂತೂ ನೋಡಲಿಲ್ಲ, ಅವನು ನೋಡುತ್ತಿದ್ದುದು ಬಂಡೆಯ ಅಂಚಿನಲ್ಲಿ ನಿಂತು, ಸೋರುವ ನೀರಿಗೆ ಅಂಗೈ ಒಡ್ಡಿದ ಸರೋಜವ್ವನನ್ನು. ಆಕೆ ತಿರುಗಿದಳು. ಇವನು ಗಾಬರಿಯಾಗಿ, ಏನೋ ಕೆಲಸವಿದ್ದವನಂತೆ ಎದ್ದು, ಕೈಗೆ ಸಿಕ್ಕ ಗಡಿಗೆಯನ್ನು ಎತ್ತಿ ತಲೆಗಿಟ್ಟುಕೊಂಡು ಮಳೆಯಲ್ಲೇ ಹೊರಟ.

"ಭಕ್ತಿ ಅಂದ್ರ ಅದು!" ಎಂದ ಹೊಳಬಸಪ್ಪ. ಎಲ್ಲರೂ ಒಲ್ಲದ ಮನಸ್ಸಿನಿಂದ ಎದ್ದರು.

ತುದಿಗೆ ಸ್ವಲ್ಪ ಮುಂಚೆ ಕತ್ತಿಕಲ್ಲು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ದಾರಿ. ಪರಮೇಶಪ್ಪ ಅಲ್ಲಿ ಹಲ್ಲಿಯಂತೆ ಬಂಡೆಗೆ ಅಂಟಿ ನಿಂತ. ಹಿಂದಿನಿಂದ ಬಳೆಯ ಸಪ್ಪಳವಾಯಿತು.

"ಕೆಳಗ ನೋಡಬ್ಯಾಡ್ರಿ. ನನ್ನ ಕಡೆ ನೋಡ್ರಿ," ಎಂದಳು ಸರೋಜವ್ವ.

ಅವನು ನೋಡಿದ. ಕೆಳಗೆ ನೋಡುವುದೇ ಇದಕ್ಕಿಂತ ಸುಲಭವಾಗಿತ್ತು.

"ಅಪ್ಪ ಈಗ ಕೇಳಾಕ ನಿಂತಾನ. ಸವಣೂರಿನ ಸುದ್ದಿ ನಿಮಗೂ ಹೇಳ್ಯಾನಂತ." ಆಕೆ ಸೆರಗಿನ ತುದಿಯನ್ನು ಹಿಂಡಿ ನೀರು ತೆಗೆದಳು. "ನಾ ಅಪ್ಪಗ ಏನಂತ ಹೇಳಲಿ? ನಿಮಗ ಕೇಳಾಕತ್ತೇನಿ."

ಪರಮೇಶಪ್ಪ ಕಣ್ಣು ಮಿಟುಕಿಸಿದ.

"ಕಣ್ಣು ಬ್ಯಾಡ. ಬಾಯಿಲೆ ಹೇಳ್ರಿ. ಬ್ಯಾಡ ಅಂತ ಒಂದ ಮಾತು ಅಂದ್ರ ಸಾಕು. ಎಣ್ಣಿ ಕೆಡ್ತೈತಿ, ಗೊತ್ತೈತಿ. ಕೆಟ್ರ ಕೆಡವಲ್ದ್ಯಾಕ. ಊರ ಮಂದಿ ಬೈದ್ರ ಬೈಲಿ. ನಾ ಮತ್ತ ಬುಡದಿಂದ ಹತ್ತಾಕ ತಯಾರ ಅದೇನಿ."

ಇಂಥ ಮಾತನ್ನು ಯಾರಾದರೂ ತನಗೆ ಹೇಳಿಯಾರೆಂದು ಪರಮೇಶಪ್ಪ ಕನಸಿನಲ್ಲಿಯೂ ಎಣಿಸಿರಲಿಲ್ಲ. 'ಬ್ಯಾಡ' ಎಂಬುದು ನಾಲಗೆಯ ತುದಿಗೆ ಬಂದು ನಿಂತಿತು. ಆಗ ಅವನಿಗೆ ತಲೆಯ ಮೇಲಿನ ಎಣ್ಣೆಯ ನೆನಪಾಯಿತು. ರೇಶನ್ನಿನ ಕಾಲ. ಒಗ್ಗರಣೆಗೂ ಉಳಿಸದೆ ತನ್ನ ಪಾಲಿನ ಚಮಚೆ ತಂದು ಸುರಿದ ಬಡವಿ ಕರೆವ್ವನ ನೆನಪಾಯಿತು. ಮತ್ತೆ ಹೊಸ ಎಣ್ಣೆ ಎಲ್ಲಿಂದ? ಆಮೇಲೆ ಕೆಮ್ಮುತ್ತ ಮತ್ತೊಮ್ಮೆ ಗುಡ್ಡ ಹತ್ತಬೇಕಾದ ಮುದುಕನ ನೆನಪಾಯಿತು. ಒಂದು ಕಡೆಗೆ ಇದು, ಇನ್ನೊಂದು ಕಡೆಗೆ ಅದು ಎಂದು ತೂಗುತ್ತಿರುವಾಗಲೇ ತಿರುವಿನಲ್ಲಿ ಅಡಿವೆವ್ವನ ದನಿ ಕೇಳಿಸಿತು. ಸೊಸೆಗೆ ಈಗ ಮೂರನೆಯ ಹೆರಿಗೆಯಾಗುತ್ತಿತ್ತು.

ಸರೋಜವ್ವ ಇನ್ನೂ ಒಂದು ಗಳಿಗೆ ಕಾದಳು. ಆಮೇಲೆ, "ದಾರಿ ಬಿಡ್ರಿ," ಎಂದು ಅವನನ್ನು ದಾಟಿ ಹೋದಳು.

ಅವನ ಹಣೆಯಿಂದ ಒಂದು ಹನಿ ಇಳಿದು ತುಟಿಗೆ ಬಂತು. ಬೆವರು ಉಪ್ಪಾಗಿರುತ್ತದೆಂದು ಅವನು ಸಾಲೆಯಲ್ಲಿ ಪಾಠ ಹೇಳುತ್ತಿದ್ದ. ಇದು ಹುಳಿಯಾಗಿತ್ತು. ದುಃಖದಲ್ಲಿ ಬರುವ ಬೆವರು ಹುಳಿಯಾಗಿರುತ್ತದೆ, ಈ ವಿಷಯವನ್ನು ಯಾವ ಶಾಸ್ತ್ರಜ್ಞನೂ ಬರೆದಿಲ್ಲ ಎಂದು ಯೋಚಿಸುತ್ತ ಅವನು ಉಳಿದ ಏರನ್ನು ಹತ್ತಿದ.

ತುದಿಯಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಕೆಳಗೆ ಭತ್ತದ ಗದ್ದೆಗಳು ಹಸಿರು ಕಂಬಳಿ ಹಾಸಿದಂತಿದ್ದವು, ಅವುಗಳಾಚೆಗೆ ಮಾಸೂರಿನ ಮದಗದ ಕೆರೆ ತಟ್ಟೆಯಂತೆ ಹೊಳೆಯುತ್ತಿತ್ತು. ಗಾಳಿ ಧೋತರವನ್ನು ಬಾವುಟ ಮಾಡಿ ಹಾರಿಸುತ್ತಿತ್ತು. ಇದನ್ನೆಲ್ಲ ನೋಡಲು ಎಲ್ಲರೂ ಬರುತ್ತಾರೆ. ಪರಮೇಶಪ್ಪ ನೋಡಿದ್ದು, ಬಸವಣ್ಣನ ಹಿಂದೆ ಮಹಾಲಿಂಗಪ್ಪ ಮಗಳನ್ನು ಏನೋ ಕೇಳುತ್ತಿದ್ದುದನ್ನು, ಮಗಳು ಗೋಣು ಹಾಕಿದ್ದನ್ನು. ಆಕೆಯ ತಲೆಯ ಮೇಲೆ ಗಡಿಗೆ ಇರಲಿಲ್ಲ.

ಹೊಳಬಸಪ್ಪ ಗಡಿಗೆ ಇಳಿಸಿ, ಕೈಮುಗಿದು, ಅರಿವೆ ಬಿಚ್ಚಿ ದೊಡ್ಡ ಹಣತೆಗೆ ಬಗ್ಗಿಸಿದ. ಬೆಳ್ಳಗೆ ಸುರಿಯಿತು. ಕರಿಬೇವಿನ ಒಂದು ಎಲೆಯೂ ಬಂದು ಹಣತೆಯಲ್ಲಿ ತೇಲಿತು.

ಹೊಳಬಸಪ್ಪ ಬೆರಳು ಅದ್ದಿ ನೆಕ್ಕಿದ.

"ಮಜ್ಜಿಗಿ," ಎಂದ. "ಉಪ್ಪು ಕಡಿಮಿ ಆಗೈತಿ."

ಎಲ್ಲರ ಕಣ್ಣೂ ಅಡಿವೆವ್ವನ ತಲೆಯ ಕಡೆ ಹೋದವು. ಆಕೆ ಮಾತು ನಿಲ್ಲಿಸಿದಳು. ಗಡಿಗೆ ಇಳಿಸಿ ನೋಡಿದರೆ ತುಂಬ ಕುಸುಬಿ ಎಣ್ಣೆ. ಬಂಡೆಯಿಂದ ತುದಿಯ ತನಕ ಆಕೆಯ ಸೊಸೆಯ ಮೂರು ಹೆರಿಗೆ, ಎರಡು ಜಗಳ, ಒಂದು ತವರುಮನೆಯ ಯಾತ್ರೆಯನ್ನು ಆ ಎಣ್ಣೆ ಕೇಳಿಸಿಕೊಂಡು ಬಂದಿತ್ತು.

"ಅಯ್ಯ ನನ್ನ ಶಿವನ! ಎಣ್ಣಿ ಕೆಟ್ಟಿತಲ್ಲೋ!" ಎಂದು ಆಕೆ ಎದೆ ಬಡಿದುಕೊಂಡಳು.

ಕೆಳಗಿಳಿದು ಮತ್ತೆ ಹತ್ತುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಎಲ್ಲರೂ ಹೊಳಬಸಪ್ಪನನ್ನು ನೋಡಿದರು. ಅವನು ಒಮ್ಮೆ ಬಂದ ದಾರಿಯನ್ನು, ಒಮ್ಮೆ ಬುತ್ತಿಯ ಗಂಟುಗಳನ್ನು ನೋಡಿ, ಕೆಮ್ಮಿ, ತೀರ್ಪು ಕೊಟ್ಟ:

"ನೇಮ ಯಾರಿಗೆ ಹಾಕಿದ್ವಿ? ಮಾಸ್ತರಿಗೆ. ಮಾಸ್ತರ ಮಾತಾಡ್ಯಾರೇನು? ಇಲ್ಲ. ನೇಮ ಮುಗೀತು. ಇನ್ನ ಅಡಿವೆವ್ವನ ಬಾಯಿ, ಅದು ಬಸವಣ್ಣಗ ಹೊಸಾದೇನಲ್ಲ. ಹಚ್ಚ್ರಿ ದೀಪಾ."

ಹಣತೆ ತೊಳೆದು ಎಣ್ಣೆ ಸುರಿದರು. ದೀಪ ಹತ್ತಿತು. ಅಷ್ಟು ಗಾಳಿಯಲ್ಲಿಯೂ ಅದು ಅಲ್ಲಾಡದೆ ಉರಿಯಿತು. ಇಷ್ಟು ಚಂದ ಉರಿದ ದೀಪವನ್ನು ತಾನು ಕಂಡೇ ಇಲ್ಲವೆಂದು ಹೊಳಬಸಪ್ಪ ಎರಡು ಸಲ ಹೇಳಿದ.

ಮಹಾಲಿಂಗಪ್ಪ ಪರಮೇಶಪ್ಪನ ಕೈಗೆ ಬೆಲ್ಲದ ಚೂರು ಇಟ್ಟ. "ಬಾಯಿ ಸಿಹಿ ಮಾಡ್ಕೊರ್ರಿ ಮಾಸ್ತರ. ಸರೋಜಾ ಸವಣೂರಿನವ್ರಿಗೆ ಹೂಂ ಅಂದ್ಲು. ನಿಮ್ಮ ಅಕ್ಷರ ಮುತ್ತಿನಂಗ ಅದಾವು, ಲಗ್ನಪತ್ರಿಕಿ ನೀವ ಬರದು ಕೊಡಬೇಕು, ಈಗ ಹೇಳಿಟ್ಟೇನಿ. ಇನ್ನ ಮಾತಾಡ್ರಿ, ಅಡ್ಡಿ ಇಲ್ಲ!"

"ಆಗ್ಲಿರಿ," ಎಂದ ಪರಮೇಶಪ್ಪ. ಬೆಳಗಿನಿಂದ ಅವನಾಡಿದ ಮೊದಲ ಮಾತು ಅದು.

ಊಟದ ಪಂಕ್ತಿಯಲ್ಲಿ ಸರೋಜವ್ವ ಆ ಮಜ್ಜಿಗೆಯ ಗಡಿಗೆಯನ್ನೇ ಹಿಡಿದುಕೊಂಡು ಬಂದಳು. ಅವನ ಮುಂದೆ ನಿಂತು, ಗಡಿಗೆಯೊಳಗೆ ಒಮ್ಮೆ ಇಣುಕಿ ನೋಡಿ, ಅವನ ಬಟ್ಟಲಿಗೆ ತುಂಬ ಸುರಿದಳು.

"ಕುಡೀರಿ. ನೀವ ಹೊತ್ತು ತಂದದ್ದು. ಅಷ್ಟೆಲ್ಲಾ ಜ್ವಾಪಾನ ಮಾಡಿದ್ರಿ, ಒಂಚೂರೂ ಕೆಟ್ಟಿಲ್ಲ ನೋಡ್ರಿ."

ಆಕೆಯ ತುಟಿಯಲ್ಲಿ ನಗೆಯಿತ್ತು. ಕಣ್ಣಲ್ಲಿ ಇದ್ದದ್ದು ಏನೆಂದು ಗೊತ್ತುಮಾಡಿಕೊಳ್ಳುವ ಮೊದಲೇ ಆಕೆ ಮುಂದಿನ ಬಟ್ಟಲಿಗೆ ಹೋಗಿದ್ದಳು. ಪರಮೇಶಪ್ಪ ಬಟ್ಟಲನ್ನು ಎತ್ತಿ ಕಡೆಯ ಗುಟುಕಿನ ತನಕ ಕುಡಿದ.

ಇಳಿಯುವಾಗ ತಲೆಯ ಮೇಲೆ ಏನೂ ಇರಲಿಲ್ಲ, ಬಾಯಿಗೆ ಯಾವ ನೇಮವೂ ಇರಲಿಲ್ಲ. ಕತ್ತಿಕಲ್ಲಿನ ದಾರಿಯಲ್ಲಿ ಸರೋಜವ್ವ ಅವನಿಗಿಂತ ಎರಡೇ ಹೆಜ್ಜೆ ಮುಂದಿದ್ದಳು. ಆಕೆ ಒಮ್ಮೆ ನಿಂತು, ಕಾಲಿಗೆ ಚುಚ್ಚಿದ ಮುಳ್ಳು ತೆಗೆದುಕೊಂಡಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಂತೆ ಅವನಿಗೆ ಅನಿಸಿತು. ಅವನೂ ನಿಂತ.

ಸವಣೂರಿನವರು ಬ್ಯಾಡ ಎಂದು ಪರಮೇಶಪ್ಪ ಆಕೆಗೆ ಹೇಳಲಿಲ್ಲ.