ಒಂದು ಕೋಳಿಯಷ್ಟು ಎತ್ತರ

"ಇವತ್ತಿಂದ ಈ ಜೀಪಿನ ಹೊಟ್ಟೆಗೆ ತಗಲೋ ಕಲ್ಲು ಈ ಸೀಮೆನಾಗೇ ಇಲ್ಲ!" ಎಂದು ನನ್ನ ಗಂಡ ಪಾಲಯ್ಯ ಅಂಗಳದ ನಡುವೆ ನಿಂತು ಸ್ಪ್ಯಾನರನ್ನು ಆಕಾಶಕ್ಕೆ ಎತ್ತಿ ಸಾರಿದರು.

ನೋಡಲು ನಾವಿದ್ದದ್ದು ಮೂರೇ ಜನ: ನಾನು, ಅವರ ಅಕ್ಕ ಓಬಮ್ಮ, ಮತ್ತೆ ನಮ್ಮ ಕೋಳಿ.

ಬಾಡಿ ಲಿಫ್ಟ್ ಕಿಟ್ ಎಂಬುದು ಅಂಗಡಿಯಲ್ಲೇ ಸಿಗುವ ವಸ್ತು. ಬೋಲ್ಟು ಬಿಚ್ಚಿ, ಜೀಪಿನ ಬಾಡಿಯನ್ನು ಕೆಳಗಿನ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಯಿಂದ ಎತ್ತಿ, ನಡುವೆ ಹತ್ತು ದಪ್ಪ ಬಿಲ್ಲೆಗಳನ್ನಿಟ್ಟು, ಉದ್ದನೆಯ ಬೋಲ್ಟು ಬಿಗಿದರೆ ಗಾಡಿ ಮೂರಿಂಚು ಎತ್ತರವಾಗುತ್ತದೆ. ಆದರೆ ಅಂಗಡಿಯ ಬಿಲ್ಲೆಗಳಿಗೆ ಬುದ್ಧಿಯಿಲ್ಲವಂತೆ. ಅದಕ್ಕೇ ಇವರು ಹನ್ನೊಂದು ತಿಂಗಳು ನನ್ನ ಒಲೆಯ ಮೇಲೆ ಏನೇನೋ ಕುದಿಸಿ, ಕರೆಂಟು ಕುಡಿದರೆ ಬೆಳೆಯುವ, ಕರೆಂಟು ನಿಂತರೆ ಕುಗ್ಗುವ ಬಿಲ್ಲೆಗಳನ್ನು ತಯಾರಿಸಿದ್ದರು. ಚಾಸಿಯ ಮುಂದೆ ಎರಡು, ಹಿಂದೆ ಎರಡು ಗಾಜಿನ ಕಣ್ಣುಗಳಿದ್ದವು. ಕಣ್ಣಿಗೆ ಕಲ್ಲು ಎಷ್ಟು ಹತ್ತಿರ ಕಂಡರೆ ಬಿಲ್ಲೆ ಅಷ್ಟು ಬೆಳೆಯಬೇಕು.

ಇವರು ಎಂಜಿನ್ ಚಾಲೂ ಮಾಡಿ ಕೆಳಗೊಂದು ಇಟ್ಟಿಗೆ ಇಟ್ಟರು. ಬಾಡಿ ಒಂದು ಇಟ್ಟಿಗೆಯಷ್ಟು ಎದ್ದಿತು. ಇಟ್ಟಿಗೆ ತೆಗೆದರು, ಇಳಿಯಿತು. ಅಷ್ಟರಲ್ಲಿ ಕೋಳಿ ಕೆಳಗೆ ನುಸುಳಿತು. ಬಾಡಿ ಒಂದು ಕೋಳಿಯಷ್ಟು ಎದ್ದಿತು!

ಓಬಮ್ಮಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ತಪ್ಪು ಅವರ ಕಣ್ಣಿಗೆ ತಾನಾಗಿಯೇ ಬಂದು ಬೀಳುತ್ತದೆ.

"ಲೇ ಪಾಲ, ಬಂಡೆ ಬಡಿಯೋದು ಚಾಸಿಗೆ. ನೀನು ಎತ್ತಿರೋದು ಬಾಡಿನ. ಚಾಸಿ ಎಲ್ಲೈತೋ ಅಲ್ಲೇ ಐತಲ್ಲೋ! ಕಾಲಿಗೆ ಮುಳ್ಳು ಚುಚ್ಚುತ್ತೆ ಅಂತ ರುಮಾಲು ಎತ್ತಿ ಕಟ್ಟಿದಂಗಾತು."

"ಅಕ್ಕ, ಬಾಡಿ ಎತ್ತಿದ್ರೆ ದೊಡ್ಡ ಟೈರಿಗೆ ಜಾಗ ಆಗ್ತೈತೆ. ದೊಡ್ಡ ಟೈರು ಹಾಕಿದ್ರೆ ಚಾಸಿನೂ ಏಳ್ತೈತೆ!"

"ಟೈರೆಲ್ಲಿ?"

"ಮುಂದಿನ ತಿಂಗಳು ಬರ್ತಾವೆ."

"ನಾನು ಹೋಗಬೇಕಿರೋದು ನಾಳೆ ಎಂಟೂವರೆಗೆ," ಎಂದರು ಓಬಮ್ಮಕ್ಕ ತಣ್ಣಗೆ.

ಸಮಸ್ಯೆ ಇದ್ದದ್ದೇ ಅಲ್ಲಿ. ಊರ ಹಿಂದಿನ ಗುಡ್ಡದ ನೆತ್ತಿಯ ಮೇಲೆ ಮಳೆ ಅಳೆಯುವ ಡಬ್ಬಿಯಿದೆ. ಓಬಮ್ಮಕ್ಕ ದಿನಾ ತೊಂಬತ್ತೆರಡು ಮೆಟ್ಟಿಲು ಹತ್ತಿ, ಬೆಳಿಗ್ಗೆ ಎಂಟೂವರೆಗೆ ಅದರೊಳಗೆ ಇಣುಕಿ, ಎಷ್ಟು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಚಳ್ಳಕೆರೆ ಸೀಮೆಯಲ್ಲಿ ವರ್ಷದ ಮುನ್ನೂರು ದಿನ ಬರೆಯಬೇಕಾದ್ದು ಸೊನ್ನೆಯೇ. ಆದರೂ ಒಂದು ದಿನವೂ ತಪ್ಪಿಸಿದವರಲ್ಲ. ನಾಳೆಗೆ ಸರಿಯಾಗಿ ನಲವತ್ತು ವರ್ಷ ತುಂಬುತ್ತಿತ್ತು. ಇವತ್ತು ಡಾಕ್ಟರು ಮೊಣಕಾಲಿಗೆ ಪಟ್ಟಿ ಬಿಗಿದು, ಮೆಟ್ಟಿಲು ಎಂಬ ಮಾತೇ ಆಡಬಾರದು ಎಂದಿದ್ದರು.

"ನಾನು ನೋಡ್ಕೊಂಡು ಬರ್ತೀನಿ ಬಿಡಕ್ಕ," ಎಂದೆ.

"ಹೋದ ವರ್ಷ ಜ್ವರ ಬಂದಾಗ ನಿನ್ನ ಕಳಿಸಿದ್ನಲ್ಲ? ಎರಡು ಮಿಲಿಮೀಟರ್ ಅಂತ ಕುಣಕೊಂಡು ಬಂದೆ. ಅದು ಆಡು ಉಚ್ಚೆ ಹೊಯ್ದಿದ್ದು ಕಣೇ! ಜ್ವರದಾಗೇ ನಾನು ಹೋಗಿ ನೋಡಿ, ಆ ಎರಡನ್ನ ಹೊಡೆದುಹಾಕಿ ಸೊನ್ನೆ ಬರೆದೆ."



ಗುಡ್ಡದ ಹಿಂದೆ ಒಂದು ಗಾಡಿದಾರಿಯೂ ಇದೆ. ಡಬ್ಬಿಯ ನೇರ ಕೆಳಗಿನ ತಿರುವಿನಲ್ಲಿ ಎಮ್ಮೆಬಂಡೆ ಎಂಬ ಕಲ್ಲು ಮಲಗಿದೆ. ಜೀಪಿನ ಹೊಟ್ಟೆ ಅಲ್ಲಿ ಸಿಕ್ಕಿಕೊಂಡು, ಗಾಡಿ ಅದನ್ನು ದಾಟಿ ಯಾವತ್ತೂ ಮುಂದೆ ಹೋಗಿಲ್ಲ.

ಮರುದಿನ ಏಳು ಗಂಟೆಗೆ ಹೊರಟೆವು. ಹೊಸ ಸಾಮಾನು ಬಿಗಿದ ಗಾಡಿಯನ್ನು ಪೂಜೆಯಿಲ್ಲದೆ ಹೊಸಿಲು ದಾಟಿಸುವುದುಂಟೆ? ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆ. ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದೆ. ಬಗ್ಗಿದಾಗ ಗಾಜಿನ ಕಣ್ಣುಗಳು ಕಂಡವು. ಹನ್ನೊಂದು ತಿಂಗಳ ದುಡಿಮೆ. ಅವನ್ನು ಬರಿದಾಗಿ ಬಿಡಲು ಮನಸ್ಸಾಗಲಿಲ್ಲ. ಮುಂದಿನ ಎರಡಕ್ಕೂ ಕುಂಕುಮ ದಪ್ಪನಾಗಿ ಮೆತ್ತಿದೆ. ಹಿಂದಿನ ಎರಡಕ್ಕೆ ಹೋಗುವಷ್ಟರಲ್ಲಿ ಇವರು ಹಾರನ್ ಹೊಡೆದರು. ಮಿಕ್ಕ ಕುಂಕುಮವನ್ನು ಸೆರಗಿಗೆ ಗಂಟು ಹಾಕಿಕೊಂಡು ಹತ್ತಿದೆ.

ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ನಾವು ಮೂರಿಂಚು ಎದ್ದಿದ್ದೆವು. ಬಾವಿಕಟ್ಟೆಯ ಹತ್ತಿರ ಮೂರಡಿ.

"ದಾರಿನಾಗೆ ಕಲ್ಲೇ ಇಲ್ವಲ್ರಿ, ಯಾಕೆ ಏಳ್ತಾ ಐತೆ?"

"ಮುಂದೆ ಬರೋ ಕಲ್ಲನ್ನ ಈಗ್ಲೇ ಲೆಕ್ಕ ಹಾಕ್ತಾ ಐತೆ! ಅದೇ ಬುದ್ಧಿ ಅನ್ನೋದು!" ಎಂದರು ಇವರು. ಮುಖ ಮಾತ್ರ ಬಿಳುಚಿತ್ತು. ಗೇರು ಕೋಲು ಚಾಸಿಯ ಜೊತೆ ಕೆಳಗೇ ಉಳಿದದ್ದರಿಂದ, ನಾವು ಏರಿದಂತೆ ಅದು ನೆಲದ ತೂತಿನೊಳಗೆ ಮುಳುಗುತ್ತಾ ಹೋಯಿತು. ಇವರು ಮೊದಲು ಕೈ ಚಾಚಿದರು, ಆಮೇಲೆ ಬಗ್ಗಿದರು, ಆಮೇಲೆ ಭುಜದವರೆಗೆ ತೋಳು ಇಳಿಬಿಟ್ಟರು. ಕಡೆಗೆ ಅದು ಕಾಣದೇ ಹೋಯಿತು. ಗಾಡಿ ಮೊದಲನೆ ಗೇರಿನಲ್ಲೇ ಉಳಿಯಿತು. ಸ್ಟೀರಿಂಗಿಗೆ ಛತ್ರಿ ಕೋಲಿನಂತೆ ಉದ್ದವಾಗುವ ಸರಳು, ಬ್ರೇಕಿಗೆ ಉದ್ದ ಕೇಬಲ್ಲು ಇವರು ಮೊದಲೇ ಹಾಕಿದ್ದು ಪುಣ್ಯ.

ಊರಂಚಿನಲ್ಲಿ ಗುರುಬಸಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ನಾವು ಅವಳ ಸಮಕ್ಕೆ ಬಂದೆವು.

"ಏನ್ ಪಾಲಣ್ಣ, ಮ್ಯಾಲೆ ಮಳೆ ಏನಾರ ಐತಾ?"

"ನಾನು ಇಳೀತೀನಿ!" ಎಂದು ನಾನು ನೇರವಾಗಿ ಅವಳ ಮಾಳಿಗೆಗೆ ದಾಟಿ, ಅವಳ ಮೆಟ್ಟಿಲಿಳಿದು ಬೀದಿಗೆ ಬಂದೆ. ಓಬಮ್ಮಕ್ಕ ಕದಲಲಿಲ್ಲ. ಮಡಿಲಲ್ಲಿ ಪುಸ್ತಕ, ಕಣ್ಣು ಗಡಿಯಾರದ ಮೇಲೆ. ಮೊದಲನೆ ಗೇರಿನ ಜೀಪಿಗಿಂತ ನನ್ನ ನಡಿಗೆಯೇ ಚುರುಕಾಗಿತ್ತು.

ಎಂಟೂಹತ್ತಕ್ಕೆ ಎಮ್ಮೆಬಂಡೆ ಬಂತು. ಧಡ್! ಚಾಸಿ ಯಾವತ್ತಿನ ಜಾಗದಲ್ಲೇ ಯಾವತ್ತಿನಂತೆ ಸಿಕ್ಕಿಕೊಂಡಿತು. ಬಾಡಿ ಮಾತ್ರ ಗುಡ್ಡದ ಗೋಡೆಗೆ ಒತ್ತಿಕೊಂಡು ನಿಧಾನವಾಗಿ ಏಳುತ್ತಲೇ ಇತ್ತು.

"ಮುಗೀತು," ಎಂದರು ಇವರು ಮೇಲಿನಿಂದ. ಅಷ್ಟು ಸಣ್ಣ ಧ್ವನಿ ನಾನು ಅವರಿಂದ ಕೇಳಿರಲಿಲ್ಲ. "ಅಕ್ಕ, ನಿನ್ನ ನಲವತ್ತು ವರ್ಷನ ನಾನೇ ಹಾಳು ಮಾಡ್ದೆ."

ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದಾಗ ನನಗೆ ಕಂಡಿತು. ಮುಂದಿನ ಎರಡು ಕಣ್ಣು, ಅವುಗಳ ಮೇಲೆ ನನ್ನ ಕುಂಕುಮ. ಪಾಪದ ಯಂತ್ರ, ಬೆಳಗ್ಗೆಯಿಂದ ಕಣ್ಣಿಗೇ ಬಂಡೆ ತಾಗಿದೆ ಎಂದು ಹೆದರಿ ಏಳುತ್ತಿತ್ತು.

"ರೀ, ತಪ್ಪು ನಂದು! ಕಣ್ಣಿಗೆ ಕುಂಕುಮ ಹಚ್ಚಿಬಿಟ್ಟಿದ್ದೆ! ಒರೆಸ್ತೀನಿ ತಾಳಿ, ಇಳೀತೈತೆ!"

"ಒರೆಸಬ್ಯಾಡ!"

ಕೂಗಿದ್ದು ಓಬಮ್ಮಕ್ಕ. ತಲೆಯೆತ್ತಿ ನೋಡಿದೆ. ಅವರ ತಲೆಯ ಮೇಲೆ, ಇನ್ನೂ ನಾಲ್ಕಾಳೆತ್ತರದಲ್ಲಿ, ಮಳೆ ಡಬ್ಬಿಯಿದ್ದ ಗುಡ್ಡದ ನೆತ್ತಿಯಿತ್ತು.

"ಎಂಟೂಹದಿನೈದು! ಹಿಂದ್ಲ ಕಣ್ಣು ಎರಡು ಖಾಲಿ ಐತೇನೆ?"

"ಖಾಲಿ ಐತಕ್ಕ!"

"ಹಚ್ಚು ಮತ್ತೆ! ಕೈ ಬಿಗಿ ಹಿಡಿಬ್ಯಾಡ!"

ಸೆರಗಿನ ಗಂಟು ಬಿಚ್ಚಿ ಇದ್ದಷ್ಟನ್ನೂ ಮೆತ್ತಿದೆ. ಜೀಪು ಸರ್ರನೆ ಎದ್ದಿತು. "ಅಯ್ಯಯ್ಯೋ!" ಎಂಬ ನನ್ನ ಗಂಡನ ಕೂಗು ಸಣ್ಣದಾಗುತ್ತಾ ಹೋಯಿತು. ಓಬಮ್ಮಕ್ಕ ಬಾಗಿಲು ತೆಗೆದು, ಬಸ್ಸಿಳಿಯುವವರಂತೆ ಸೀರೆ ನೆರಿಗೆ ಹಿಡಿದು ಗುಡ್ಡದ ನೆತ್ತಿಯ ಮೇಲೆ ಕಾಲಿಟ್ಟರು.

ಸರಿಯಾಗಿ ಎಂಟೂವರೆಗೆ ಆಕಾಶದಿಂದ ಒಂದು ಮಾತು ಬಿತ್ತು:

"ಸೊನ್ನೆ!"

ಅದನ್ನು ಅಷ್ಟು ಖುಷಿಯಿಂದ ಹೇಳಿದವರನ್ನು ನಾನು ಕಂಡಿಲ್ಲ.

ಜೀಪು ಈಗಲೂ ಎಮ್ಮೆಬಂಡೆಯ ಮೇಲೆಯೇ ಇದೆ. ಮುಂದೆ ಒಂದಿಂಚೂ ಹೋಗುವುದಿಲ್ಲ, ಮೇಲೆ ಮಾತ್ರ ಹೋಗುತ್ತದೆ. ದಿನಾ ಎಂಟಕ್ಕೆ ಕುಂಕುಮ ಹಚ್ಚುತ್ತೇನೆ, ಎಂಟೂಮುಕ್ಕಾಲಿಗೆ ಒರೆಸುತ್ತೇನೆ. ದೊಡ್ಡ ಟೈರುಗಳು ಬಂದಿವೆ. ಒಂದರಲ್ಲಿ ಕೋಳಿ ಕಾವಿಗೆ ಕೂತಿದೆ.

ಮೊನ್ನೆ ಓಬಮ್ಮಕ್ಕನನ್ನು ಕೇಳಿದೆ: "ಅಕ್ಕ, ಮಳೆ ಬಂದ್ರೆ ಕುಂಕುಮ ತೊಳ್ಕೊಂಡು ಹೋಗ್ತೈತಲ್ಲ, ಆವತ್ತು ಹೆಂಗೆ ಹತ್ತೋದು?"

ಅವರು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು.

"ನಮ್ಮೂರಾಗೆ ಅದೊಂದು ಚಿಂತೆ ಬ್ಯಾಡ ಬಿಡು," ಎಂದರು.